ಪಣಕ್ಕಿಟ್ಟ ಪ್ರೀತಿ: ಮಾಂತ್ರಿಕ ಸ್ಪರ್ಧೆಯ ಕಾದಂಬರಿಗಳು

ಮಾಂತ್ರಿಕ ಸ್ಪರ್ಧೆಯ ಪ್ರೇಮಕಥೆ ಎಂಬುದು ಹದಿಹರೆಯದವರಿಗಾಗಿ ಬರೆದ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಗಳ ಒಂದು ಕವಲು. ಒಂದೇ ಗೆಲುವಿಗಾಗಿ ಇಬ್ಬರು ಕಣಕ್ಕಿಳಿಯುತ್ತಾರೆ. ಇಬ್ಬರಿಗೂ ಮಂತ್ರವಿದ್ಯೆ ಗೊತ್ತಿರುತ್ತದೆ, ಇಲ್ಲವೇ ಮಾಟಮಂತ್ರ ನಡೆಯುವ ಲೋಕದಲ್ಲಿ ಅವರು ಸಿಕ್ಕಿಬಿದ್ದಿರುತ್ತಾರೆ. ಸೋತವರಿಗೆ ಬಹುತೇಕ ಸಾವೇ ಗತಿ. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಎದುರಾಳಿಗಳು ಒಬ್ಬರಿಗೊಬ್ಬರು ಮನಸೋತಿರುತ್ತಾರೆ. ಈ ಬಗೆಯ ಕಥೆಗೆ ಓದುಗರು ಇಟ್ಟಿರುವ ಹೆಸರು ‘ರೈವಲ್ಸ್ ಟು ಲವರ್ಸ್’. ಇದರ ಹತ್ತಿರದ ನೆಂಟ ‘ಎನಿಮೀಸ್ ಟು ಲವರ್ಸ್’. ಎರಡನ್ನೂ ಒಂದೇ ಎಂದು ತಿಳಿಯುವವರುಂಟು, ಆದರೆ ವ್ಯತ್ಯಾಸವಿದೆ. ವೈರಿಗಳ ನಡುವೆ ಹಳೆಯ ಗಾಯವಿರುತ್ತದೆ. ಪ್ರತಿಸ್ಪರ್ಧಿಗಳ ನಡುವೆ ಇರುವುದು ಒಂದೇ ಕುರ್ಚಿ.

ಈ ಕಥೆಗಳು ನಿಂತಿರುವುದು ಒಂದು ಜಾಣ ಏರ್ಪಾಟಿನ ಮೇಲೆ. ಸ್ಪರ್ಧೆಯಲ್ಲಿ ಹಾಕುವ ಪ್ರತಿ ಪಟ್ಟಿಗೂ ಎರಡು ವಿಳಾಸ. ತೀರ್ಪುಗಾರರಿಗೆ ಅದು ಎದುರಾಳಿಗೆ ಕೊಟ್ಟ ಪೆಟ್ಟು. ಎದುರಾಳಿಗೆ ಮಾತ್ರ ಅದು ತನಗೆ ಬರೆದ ಓಲೆ. ಬೇರೆ ಪ್ರೇಮಕಥೆಗಳಲ್ಲಿ ನಾಯಕ ನಾಯಕಿಯರು ಮಾತಿನಲ್ಲಿ ಹೇಳಿಕೊಳ್ಳುವುದನ್ನು ಇಲ್ಲಿ ಕಸುಬಿನಲ್ಲಿ ಹೇಳಿಕೊಳ್ಳುತ್ತಾರೆ. ತನ್ನ ವಿದ್ಯೆಯ ಕಷ್ಟ ಎಷ್ಟೆಂದು ಪೂರ್ತಿ ಬಲ್ಲ ವ್ಯಕ್ತಿ ಊರಿಗೆಲ್ಲ ಒಬ್ಬರೇ, ಅವರೇ ತನ್ನ ಎದುರಾಳಿ. ಸಂಗೀತ ಕಚೇರಿಯಲ್ಲಿ ಒಂದು ಸೂಕ್ಷ್ಮ ಸಂಗತಿಗೆ ಸಭೆಯೆಲ್ಲ ಸುಮ್ಮನಿದ್ದು, ಪಕ್ಕವಾದ್ಯದವರು ಮಾತ್ರ ತಲೆದೂಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏರ್ಪಾಟು ಹೊಸದಲ್ಲ. ಗ್ರೀಕ್ ಪುರಾಣದ ಅಟಲಾಂಟ ತನ್ನನ್ನು ಓಟದಲ್ಲಿ ಸೋಲಿಸಿದವನನ್ನೇ ವರಿಸುವುದಾಗಿ ಪಣ ತೊಟ್ಟಿದ್ದಳು. ಸೋತವರ ತಲೆ ಉರುಳುತ್ತಿತ್ತು. ಕೊನೆಗೆ ಗೆದ್ದವನು ಓಟದ ನಡುವೆ ದೇವತೆ ಕೊಟ್ಟ ಚಿನ್ನದ ಸೇಬುಗಳನ್ನು ಉರುಳಿಸಿ ಅವಳ ಗಮನ ಸೆಳೆದವನು. ಕ್ರಿ.ಶ. 1200ರ ಆಸುಪಾಸಿನ ಜರ್ಮನ್ ಮಹಾಕಾವ್ಯ ‘ನಿಬೆಲುಂಗೆನ್‌ಲೀಡ್’ನಲ್ಲಿ ರಾಣಿ ಬ್ರೂನ್‌ಹಿಲ್ಡ್ ಭರ್ಜಿ ಎಸೆತ, ಕಲ್ಲೆಸೆತ, ಜಿಗಿತ ಎಂಬ ಮೂರು ಪಂದ್ಯಗಳನ್ನು ಒಡ್ಡುತ್ತಾಳೆ. ಗುಂಟರ್ ರಾಜ ಗೆದ್ದಂತೆ ಕಾಣುತ್ತಾನೆ. ನಿಜವಾಗಿ ಗೆದ್ದವನು ಅದೃಶ್ಯನಾಗುವ ಮೇಲುದ ಹೊದ್ದು ಪಕ್ಕದಲ್ಲೇ ನಿಂತಿದ್ದ ಸೀಗ್‌ಫ್ರೀಡ್. ಎರಡೂ ಕಡೆ ಹೆಣ್ಣು ಸೋತದ್ದು ಬಲಕ್ಕಲ್ಲ, ಮೋಸಕ್ಕೆ. ಆ ಮೋಸದ ಬೆಲೆಯನ್ನು ಜರ್ಮನ್ ಕಾವ್ಯ ಮುಂದೆ ರಕ್ತದಲ್ಲೇ ತೀರಿಸುತ್ತದೆ.

ಇನ್ನೂ ಹತ್ತಿರದ ಪೂರ್ವಜ ಒಂದು ಸ್ಕಾಟಿಷ್ ಲಾವಣಿ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಸಂಗ್ರಹಿಸಿದ 305 ಲಾವಣಿಗಳಲ್ಲಿ 44ನೆಯದಾದ ‘ದ ಟ್ವಾ ಮೆಜೀಶಿಯನ್ಸ್’, ಅಂದರೆ ಇಬ್ಬರು ಮಾಂತ್ರಿಕರು. ಕಮ್ಮಾರನೊಬ್ಬ ಕುಲೀನ ಹುಡುಗಿಯ ಬೆನ್ನು ಹತ್ತುತ್ತಾನೆ. ಅವಳು ಪಾರಿವಾಳವಾದರೆ ಅವನೂ ಪಾರಿವಾಳವಾಗುತ್ತಾನೆ, ಅವಳು ಮೊಲವಾದರೆ ಅವನು ಬೇಟೆನಾಯಿ, ಅವಳು ಕುದುರೆಯಾದರೆ ಅವನು ಬೆನ್ನ ಮೇಲಿನ ಜೀನು. ಹಾಡು ಕುಣಿಯುತ್ತ ಸಾಗುತ್ತದೆ, ಆದರೆ ಈಗಿನ ಕಿವಿಗೆ ಅದರ ಕೊನೆ ಹಿತವಲ್ಲ. ಬೇಡವೆಂದವಳನ್ನು ಅವನು ದಕ್ಕಿಸಿಕೊಂಡೇ ಬಿಡುತ್ತಾನೆ. ಇಂದಿನ ಕಾದಂಬರಿಕಾರರು, ಅವರಲ್ಲಿ ಬಹುಪಾಲು ಮಹಿಳೆಯರು, ಈ ಹಳೆಯ ಕಥೆಯ ಓಟವನ್ನು ಉಳಿಸಿಕೊಂಡು ಬೇಟೆಯನ್ನು ಕೈಬಿಟ್ಟಿದ್ದಾರೆ. ಇಲ್ಲಿ ಹುಡುಗಿ ಗೆದ್ದವನಿಗೆ ಸಿಗುವ ಬಹುಮಾನವಲ್ಲ. ಅವಳೂ ಕಣದಲ್ಲಿರುವ ಸ್ಪರ್ಧಿ. ಹಲವು ಸಲ ಇಬ್ಬರಲ್ಲಿ ಬಲಶಾಲಿಯೂ ಅವಳೇ.

ಈ ಬಗೆಯ ಪೂರ್ಣ ರೂಪವನ್ನು ಮೊದಲು ನೋಡಬೇಕಾದದ್ದು ಎರಿನ್ ಮಾರ್ಗನ್‌ಸ್ಟರ್ನ್ ಬರೆದ ‘ದ ನೈಟ್ ಸರ್ಕಸ್’ನಲ್ಲಿ. 2011ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಹೊರಬಂದ ಈ ಚೊಚ್ಚಲ ಕಾದಂಬರಿ ಮೊಳೆತದ್ದು ನವೆಂಬರ್ ತಿಂಗಳೊಳಗೆ ಒಂದು ಕಾದಂಬರಿಯ ಕರಡು ಮುಗಿಸುವ ‘ನ್ಯಾನೋರೈಮೋ’ ಎಂಬ ಬರವಣಿಗೆಯ ಸವಾಲಿನಲ್ಲಿ. ಪುಸ್ತಕ ಪ್ರಕಟವಾದದ್ದು ದೊಡ್ಡವರಿಗೆಂದು. ಆದರೂ ಹದಿಹರೆಯದವರ ಮನಸೆಳೆಯಬಲ್ಲ ವಯಸ್ಕರ ಪುಸ್ತಕಗಳಿಗೆ ಅಮೆರಿಕದ ಗ್ರಂಥಪಾಲಕರು ಕೊಡುವ ಅಲೆಕ್ಸ್ ಪ್ರಶಸ್ತಿ 2012ರಲ್ಲಿ ಇದಕ್ಕೂ ಬಂತು. ಪುಸ್ತಕ ಯಾರ ಕೈ ಸೇರಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಕಥೆಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳು. ಇಬ್ಬರು ಮುದಿ ಮಾಂತ್ರಿಕರಿಗೆ ತಮ್ಮಲ್ಲಿ ಯಾರ ಪಾಠಕ್ರಮ ಮೇಲೆಂಬ ಹಳೆಯ ಜಿದ್ದು. ಒಬ್ಬ ತನ್ನ ಮಗಳು ಸೀಲಿಯಾಳನ್ನು ಪಣಕ್ಕಿಡುತ್ತಾನೆ; ಇನ್ನೊಬ್ಬ ಅನಾಥಾಲಯದಿಂದ ಮಾರ್ಕೋ ಎಂಬ ಹುಡುಗನನ್ನು ಆರಿಸಿ ತರುತ್ತಾನೆ. ಮಕ್ಕಳ ಬೆರಳಿಗೆ ತೊಡಿಸಿದ ಉಂಗುರ ಚರ್ಮವನ್ನು ಸುಟ್ಟು ಮಾಯದ ಗುರುತಾಗಿ ಉಳಿಯುತ್ತದೆ. ಆಟದ ನಿಯಮವೇನು, ಎದುರಾಳಿ ಯಾರು, ಅದು ಮುಗಿಯುವುದು ಯಾವಾಗ ಎಂದು ಇಬ್ಬರಿಗೂ ಹೇಳುವವರಿಲ್ಲ. ಹಿರಿಯರ ಮಾತಿಗಾಗಿ ತೊಟ್ಟಿಲಲ್ಲೇ ಮದುವೆ ನಿಶ್ಚಯಿಸಿದ ಕಾಲವನ್ನು ಅಜ್ಜಿಯರ ಬಾಯಲ್ಲಿ ಕೇಳಿದ ನಮ್ಮ ಓದುಗರಿಗೆ ಈ ಉಂಗುರ ಪಾಶ್ಚಾತ್ಯ ಕಲ್ಪನೆ ಅನ್ನಿಸುವುದೇ ಇಲ್ಲ.

ಅವರ ಅಖಾಡವೇ ಸರ್ಕಸ್. ಕಪ್ಪುಬಿಳುಪು ಪಟ್ಟೆಯ ಡೇರೆಗಳು ಮುನ್ಸೂಚನೆಯಿಲ್ಲದೆ ಊರಿಗೆ ಬರುತ್ತವೆ, ಕತ್ತಲಾದ ಮೇಲೆ ತೆರೆದು ಬೆಳಗಾಗುವ ಮುನ್ನ ಮುಚ್ಚಿಕೊಳ್ಳುತ್ತವೆ. ಸೀಲಿಯಾ ಒಳಗಿದ್ದು ಜಾದೂಗಾರ್ತಿಯಾಗಿ ದುಡಿಯುತ್ತಾಳೆ. ಮಾರ್ಕೋ ಲಂಡನ್ನಿನಲ್ಲಿ ಸರ್ಕಸ್ ಮಾಲೀಕನ ಕಾರ್ಯದರ್ಶಿಯಾಗಿ ದೂರದಿಂದಲೇ ಅದನ್ನು ನಡೆಸುತ್ತಾನೆ. (ಮಾಲೀಕನ ಹೆಸರು ಚಂದ್ರೇಶ್ ಕ್ರಿಸ್ಟೋಫ್ ಲೆಫೆವ್ರ್. ಆ ಮೊದಲ ಹೆಸರಿನ ಹತ್ತಿರ ಕನ್ನಡದ ಓದುಗ ಒಮ್ಮೆ ನಿಲ್ಲುವುದು ಸಹಜ.) ಒಬ್ಬರು ಹೊಸ ಡೇರೆಯನ್ನು ಸೃಷ್ಟಿಸಿದರೆ ಇನ್ನೊಬ್ಬರು ಮತ್ತೊಂದರಿಂದ ಉತ್ತರ ಕೊಡುತ್ತಾರೆ. ಮಾರ್ಕೋ ಮಾಡಿದ ಮಂಜಿನ ತೋಟ ಸೀಲಿಯಾಳಿಗೆ ಅಚ್ಚುಮೆಚ್ಚು. ಮುಂದೆ ಒಂದು ಚಕ್ರವ್ಯೂಹಕ್ಕೆ ಸರದಿಯ ಮೇಲೆ ಇಬ್ಬರೂ ಕೋಣೆಗಳನ್ನು ಸೇರಿಸತೊಡಗಿದಾಗ, ಅದು ಸ್ಪರ್ಧೆಯೋ ಇಬ್ಬರೂ ಕೂಡಿ ಕಟ್ಟಿಕೊಳ್ಳುತ್ತಿರುವ ಮನೆಯೋ ಎಂಬ ಗೆರೆ ಅಳಿಸಿಹೋಗುತ್ತದೆ. ಇಡೀ ಪ್ರಕಾರದಲ್ಲಿ ಇದಕ್ಕಿಂತ ಒಳ್ಳೆಯ ಪ್ರಣಯ ಪ್ರಸಂಗ ಹುಡುಕುವುದು ಕಷ್ಟ. ಗಮನಿಸಬೇಕಾದದ್ದೆಂದರೆ, ಆ ಹೊತ್ತಿನಲ್ಲಿ ಇಬ್ಬರೂ ಒಟ್ಟಿಗೆ ನಿಂತಿರುವುದೇ ಅಪರೂಪ.

ನಿಯಮ ಗೊತ್ತಾಗುವುದು ತಡವಾಗಿ. ತಾಳಲಾರದೆ ಒಬ್ಬರು ಕುಸಿಯುವವರೆಗೂ ಆಟ ನಡೆಯಬೇಕು. ಹಿಂದಿನ ಸುತ್ತಿನಲ್ಲಿ ಗೆದ್ದವಳು ಅದೇ ಸರ್ಕಸ್ಸಿನಲ್ಲಿ ಮೈ ಬಳುಕಿಸುವ ಕಲಾವಿದೆ ತ್ಸುಕಿಕೊ. ಅವಳ ಎದುರಾಳಿಯಾಗಿದ್ದವಳು ಅವಳ ಪ್ರೇಯಸಿಯೇ. ಗೆಲುವೆಂದರೆ ಏನೆಂಬುದಕ್ಕೆ ಅವಳು ನಡೆದಾಡುವ ಉತ್ತರ.

‘ನೈಟ್ ಸರ್ಕಸ್’ ಹೂಡಿದ ಆಟವನ್ನು ಐದು ವರ್ಷಗಳ ನಂತರ ನೇರವಾಗಿ ಹರೆಯದ ಓದುಗರ ಕಪಾಟಿಗೆ ತಂದದ್ದು ಎವೆಲಿನ್ ಸ್ಕೈ ಅವರ ‘ದ ಕ್ರೌನ್ಸ್ ಗೇಮ್’ (2016). ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಲಾವಿಕ್ ಭಾಷಾ ಸಾಹಿತ್ಯ ಓದಿದ ಲೇಖಕಿ ಕಥೆಯನ್ನು ನಡೆಸುವುದು 1825ರ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಒಟ್ಟೋಮನ್ನರು, ಕಜಾಕರು ಎಂದು ಎರಡು ದಿಕ್ಕಿನಿಂದ ಕಿರುಕುಳ ಎದುರಿಸುತ್ತಿರುವ ಝಾರ್ ದೊರೆಗೆ ಒಬ್ಬ ಆಸ್ಥಾನ ಮಾಂತ್ರಿಕ ಬೇಕು. ದೇಶದ ಮಂತ್ರಶಕ್ತಿಗೆ ಮೂಲ ಒಂದೇ, ಅದು ಇಬ್ಬರಿಗೆ ಸಾಲದು. ಹಾಗಾಗಿ ದ್ವೀಪವೊಂದರಲ್ಲಿ ಗಿಡಮರಗಳ ನಡುವೆ ಬೆಳೆದ ವೀಕಾ ಆಂಡ್ರೆಯೇವ ಮತ್ತು ರಾಜಧಾನಿಯಲ್ಲಿ ಕಟ್ಟುನಿಟ್ಟಿನ ಗುರುಮಾತೆಯ ಕೈಯಲ್ಲಿ ಪಳಗಿದ ನಿಕೊಲಾಯ್ ಕರೀಮೊವ್ ಎದುರಾಗುತ್ತಾರೆ. ತಲಾ ಐದು ಸರದಿ. ಸೋತವರು ಬದುಕುವಂತಿಲ್ಲ. ಎದೆಯ ಮೇಲೆ ಮೂಡಿದ ಗುರುತು ಕಾದು ಸುಟ್ಟಾಗ ಆಡುವ ಸರದಿ ಬಂತೆಂದು ಅರ್ಥ.

ಇಲ್ಲಿ ಆಯುಧವಾಗುವುದು ನಗರವೇ. ನೆವ್‌ಸ್ಕಿ ಪ್ರಾಸ್ಪೆಕ್ಟಿನ ಕಟ್ಟಡಗಳು ರಾತ್ರೋರಾತ್ರಿ ಬಣ್ಣ ಬದಲಿಸುತ್ತವೆ, ನೀವಾ ನದಿಯ ನಡುವೆ ಹೊಸ ದ್ವೀಪ ಏಳುತ್ತದೆ, ಆ ದ್ವೀಪದ ಬೆಂಚುಗಳ ಮೇಲೆ ಕುಳಿತವರು ರಷ್ಯದ ದೂರದೂರದ ಜಾಗಗಳ ಕನಸಿಗೆ ಜಾರುತ್ತಾರೆ. ಗೊಗೊಲ್, ದಸ್ತಯೇವ್‌ಸ್ಕಿಯರನ್ನು ಓದಿ ಈ ಬೀದಿಯ ಚಳಿ, ಕೆಸರು, ಗುಮಾಸ್ತರ ಗೋಳು ಬಲ್ಲವರಿಗೆ ಸ್ಕೈ ತೋರಿಸುವ ಊರು ಸ್ವಲ್ಪ ಹೆಚ್ಚೇ ಮಿಠಾಯಿ ಅನ್ನಿಸಬಹುದು. ಆದರೂ ಇತಿಹಾಸದ ಆಯ್ಕೆ ಬುದ್ಧಿವಂತಿಕೆಯದು. ನಿಜದ ಝಾರ್ ಒಂದನೆಯ ಅಲೆಕ್ಸಾಂಡರ್ 1825ರ ಕೊನೆಯಲ್ಲಿ ತಗನ್‌ರೋಗ್‌ನಲ್ಲಿ ತೀರಿಕೊಂಡ. ಅವನಿಗೆ ವಾರಸುದಾರ ಮಗನಿರಲಿಲ್ಲ. ಮುಂದಿನ ಝಾರ್ ಯಾರೆಂಬ ಗೊಂದಲದ ನಡುವೆಯೇ ಡಿಸೆಂಬರಿನಲ್ಲಿ ಡಿಸೆಂಬ್ರಿಸ್ಟರ ಬಂಡಾಯವೆದ್ದಿತು. ಇತಿಹಾಸ ಖಾಲಿ ಬಿಟ್ಟ ಜಾಗದಲ್ಲಿ ಸ್ಕೈ ಪಾಶಾ ಎಂಬ ಕಾಲ್ಪನಿಕ ಯುವರಾಜನನ್ನು ಕೂರಿಸುತ್ತಾರೆ. ಅವನು ನಿಕೊಲಾಯ್‌ನ ಜೀವದ ಗೆಳೆಯ, ವೀಕಾಳನ್ನು ಮೆಚ್ಚಿದವನು, ಸಾಲದ್ದಕ್ಕೆ ಆಟದ ಫಲಾನುಭವಿ. ಮೂರು ಮೂಲೆಯ ಪ್ರೇಮಕ್ಕೆ ಸಿಂಹಾಸನದ ತೂಕ ಸೇರುವುದು ಹೀಗೆ.

ಈ ಎರಡು ಪುಸ್ತಕಗಳು ಬರುವ ಹೊತ್ತಿಗೆ ಓದುಗರು ಪ್ರಾಣಾಂತಿಕ ಸ್ಪರ್ಧೆಗೆ ಒಗ್ಗಿಕೊಂಡಾಗಿತ್ತು. ಅದಕ್ಕೆ ಕಾರಣ ಎರಡು ದೊಡ್ಡ ಹೆಸರುಗಳು. 2000ದ ಜುಲೈನಲ್ಲಿ ಬಂದ ‘ಹ್ಯಾರಿ ಪಾಟರ್ ಅಂಡ್ ದ ಗಾಬ್ಲೆಟ್ ಆಫ್ ಫೈರ್’ ಮೂರು ಮಾಂತ್ರಿಕ ಶಾಲೆಗಳ ಪಂದ್ಯಾವಳಿಯನ್ನೂ, ಅದರ ನಡುವೆ ಕ್ರಿಸ್ಮಸ್ ಹೊತ್ತಿನ ಒಂದು ನೃತ್ಯಕೂಟವನ್ನೂ ಇಟ್ಟಿತು. ಸ್ಪರ್ಧಿ ಕ್ರಮ್ ಹ್ಯಾರಿಯ ಗೆಳತಿ ಹರ್ಮಾಯ್ನಿಯ ಕೈಹಿಡಿದು ಕುಣಿದ ಆ ರಾತ್ರಿ ಗೆಳೆಯ ರಾನ್‌ಗೆ ಆದ ಉರಿ ಹಲವು ಓದುಗರಿಗೆ ಡ್ರ್ಯಾಗನ್ನಿಗಿಂತ ಹೆಚ್ಚು ನೆನಪಿದೆ. 2008ರಲ್ಲಿ ಸುಝನ್ ಕಾಲಿನ್ಸ್ ಬರೆದ ‘ದ ಹಂಗರ್ ಗೇಮ್ಸ್’ನಲ್ಲಿ ಮಂತ್ರವಿಲ್ಲ, ಆದರೆ ಮುಂದಿನ ಮಾಂತ್ರಿಕ ಕಥೆಗಳು ಅಲ್ಲಿಂದ ಕಡ ಪಡೆದದ್ದು ಬಹಳ. 24 ಮಕ್ಕಳಲ್ಲಿ ಒಬ್ಬರೇ ಉಳಿಯಬೇಕಾದ ಆಟದಲ್ಲಿ ನಾಯಕಿಯ ಸಹಸ್ಪರ್ಧಿ ಪೀಟಾನ ಪ್ರೀತಿ ನಿಜವೋ, ಟಿವಿ ನೋಡುವವರಿಗಾಗಿ ಹೂಡಿದ ನಾಟಕವೋ ಎಂಬ ಸಂಶಯವೇ ಕಥೆಯನ್ನು ಎಳೆದುಕೊಂಡು ಹೋಗುತ್ತದೆ. ಎದುರಾಳಿಯ ಒಲವನ್ನು ನಂಬಬೇಕೆ ಎಂಬ ಈ ಪ್ರಶ್ನೆ ಆಮೇಲೆ ಇಡೀ ಪ್ರಕಾರದ ಖಾಯಂ ಆಸ್ತಿಯಾಯಿತು.

2017ರ ನಂತರ ಸಾಲುಸಾಲು ಪುಸ್ತಕಗಳು. ಸ್ಟೆಫನಿ ಗಾರ್ಬರ್ ಅವರ ‘ಕ್ಯಾರವಾಲ್’ (2017) ಆಟ ಮತ್ತು ನಾಟಕದ ನಡುವಿನ ಗೋಡೆಯನ್ನೇ ಕೆಡವಿ, ಕಂಡದ್ದನ್ನೆಲ್ಲ ನಂಬಬಾರದೆಂಬ ಎಚ್ಚರಿಕೆಯನ್ನು ಮೊದಲೇ ಕೊಟ್ಟು, ಆಮೇಲೆ ಓದುಗರನ್ನು ನಂಬಿಸುತ್ತದೆ. ಅಮಾಂಡಾ ಫೂಡಿ ಮತ್ತು ಸಿ. ಎಲ್. ಹರ್ಮನ್ ಕೂಡಿ ಬರೆದ ‘ಆಲ್ ಆಫ್ ಅಸ್ ವಿಲನ್ಸ್’ (2021) ಇವುಗಳಲ್ಲಿ ಹೆಚ್ಚು ಗಟ್ಟಿ. ಇಲ್ವರ್ನಾತ್ ಎಂಬ ಊರಿನ ಏಳು ಮನೆತನಗಳು ಇಪ್ಪತ್ತು ವರ್ಷಕ್ಕೊಮ್ಮೆ ಮನೆಗೊಂದು ಮಗುವನ್ನು ಕಣಕ್ಕೆ ಕಳಿಸುತ್ತವೆ, ಗೆದ್ದ ಮನೆತನಕ್ಕೆ ಮುಂದಿನ ಸುತ್ತಿನವರೆಗೂ ಅಪರೂಪದ ಮಂತ್ರಶಕ್ತಿಯ ಗುತ್ತಿಗೆ. ಈ ಗುಟ್ಟನ್ನು ಅನಾಮಿಕ ಪುಸ್ತಕವೊಂದು ಹೊರಗೆಡವಿದ್ದರಿಂದ ಊರಿಗೆ ಪ್ರವಾಸಿಗರೂ ಪತ್ರಕರ್ತರೂ ಮುಗಿಬಿದ್ದಿದ್ದಾರೆ. ಖಳನೆಂದೇ ಹೆಸರಾದ ಮನೆಯ ಅಲಿಸ್ಟರ್ ಮತ್ತು ಜನಪ್ರಿಯ ಸ್ಪರ್ಧಿ ಇಸೊಬೆಲ್ ನಡುವಿನ ಸೆಳೆತದಲ್ಲಿ ಸಿಹಿಗಿಂತ ಲೆಕ್ಕಾಚಾರವೇ ಜಾಸ್ತಿ. ಅದೇ ಅದರ ಸತ್ವ.

ಅಲೆಕ್ಸ್ ಆಸ್ಟರ್ ಅವರ ‘ಲೈಟ್‌ಲಾರ್ಕ್’ (2022) ಬೇರೆಯದೇ ಕಾರಣಕ್ಕೆ ಉಲ್ಲೇಖಾರ್ಹ. ಈ ಕಥೆಗೆ ಪ್ರಕಾಶಕರು ದೊರೆತದ್ದು 2021ರಲ್ಲಿ ಲೇಖಕಿ ಟಿಕ್‌ಟಾಕ್‌ನಲ್ಲಿ ಹಾಕಿದ ಒಂದು ಪುಟ್ಟ ವಿಡಿಯೊ ಹಬ್ಬಿದ ಮೇಲೆ. ನೂರು ವರ್ಷಕ್ಕೊಮ್ಮೆ ತೋರುವ ದ್ವೀಪ, ಶಾಪಗ್ರಸ್ತ ಆರು ರಾಜ್ಯಗಳು, ಅವುಗಳ ದೊರೆಗಳ ನಡುವೆ ನೂರು ದಿನಗಳ ಸ್ಪರ್ಧೆ. ನಾಯಕಿ ಐಲಾಳ ಕುಲಕ್ಕಿರುವ ಶಾಪವೆಂದರೆ ಪ್ರೀತಿಸಿದವರನ್ನು ಕೊಲ್ಲಲೇಬೇಕು. ಆಟದ ನಿಯಮವನ್ನು ಪ್ರೀತಿಯ ಒಳಗೇ ಹುದುಗಿಸಿದ ಈ ಹಂಚಿಕೆ ಚೆನ್ನಾಗಿತ್ತು. ಪುಸ್ತಕ ಕೈಗೆ ಬಂದಾಗ ಮಾತ್ರ ಪ್ರಚಾರದಲ್ಲಿ ಆಸೆ ಹುಟ್ಟಿಸಿದ ಕೆಲವು ಸನ್ನಿವೇಶಗಳು ಒಳಗಿಲ್ಲವೆಂದು ಓದುಗರು ಗಟ್ಟಿಯಾಗಿಯೇ ದೂರಿದರು. ಟಿಕ್‌ಟಾಕ್‌ನಲ್ಲಿ ಪುಸ್ತಕಪ್ರಿಯರು ಸೇರುವ ‘ಬುಕ್‌ಟಾಕ್’ ಎಂಬ ಸಂತೆ ಕಥೆಯನ್ನು ಕಥೆಯಾಗಿ ಮಾರುವುದಿಲ್ಲ, ‘ಟ್ರೋಪ್’ಗಳ, ಅಂದರೆ ಸಿದ್ಧ ಕಥಾಸೂತ್ರಗಳ, ಪಟ್ಟಿಯಾಗಿ ಮಾರುತ್ತದೆ. ಊಟದ ಬದಲು ಮೆನು ಓದಿ ಹೊಟ್ಟೆ ತುಂಬಿಸಿಕೊಂಡು ಬಂದವರು ಎಲೆಯ ಮುಂದೆ ಕೂತಾಗ ತಕರಾರು ಏಳದಿರುವುದಿಲ್ಲ. 2023ರಲ್ಲಿ ಲಾರೆನ್ ರಾಬರ್ಟ್ಸ್ ಅವರ ‘ಪವರ್‌ಲೆಸ್’ ಕೂಡ ಇದೇ ದಾರಿಯಲ್ಲಿ, ಮೊದಲು ಲೇಖಕಿಯ ಸ್ವಂತ ಪ್ರಕಟಣೆಯಾಗಿ, ಅದೇ ವರ್ಷ ದೊಡ್ಡ ಪ್ರಕಾಶನದ ಮೂಲಕ ಬಂತು. ಶಕ್ತಿಯಿಲ್ಲದವರನ್ನು ಕೊಲ್ಲುವ ರಾಜ್ಯದಲ್ಲಿ ಶಕ್ತಿಯಿದೆಯೆಂದು ನಟಿಸುವ ಪೇಡಿನ್, ಅಂಥವರನ್ನು ಬೇಟೆಯಾಡಬೇಕಾದ ಕೈ ಎಂಬ ರಾಜಕುಮಾರ ಇಲ್ಲಿನ ಜೋಡಿ.

2020ರ ಜೂನ್ ಕೊನೆಯಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದ್ದರಿಂದ ಈ ಸಂತೆಯ ಗದ್ದಲ ನಮ್ಮಲ್ಲಿಗೆ ತಲುಪುವುದು ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳ ಸುತ್ತುಬಳಸಿನ ದಾರಿಯಲ್ಲಿ.

ಏಷ್ಯಾದ ಕಡೆ ಕಣ್ಣು ಹಾಯಿಸಿದರೆ ಜಪಾನಿನ ‘ಫೇಟ್/ಸ್ಟೇ ನೈಟ್’ (2004) ಈ ಬಹುಪಾಲು ಇಂಗ್ಲಿಷ್ ಕಾದಂಬರಿಗಳಿಗಿಂತ ಹಿರಿಯದು. ಪುಸ್ತಕವಲ್ಲ, ಕಂಪ್ಯೂಟರಿನಲ್ಲಿ ಓದುತ್ತ ಆಡುವ ‘ವಿಷುಯಲ್ ನಾವೆಲ್’. ಏಳು ಮಾಂತ್ರಿಕರು ಏಳು ಪುರಾಣವೀರರನ್ನು ಆವಾಹಿಸಿ ಒಂದು ಪಾತ್ರೆಗಾಗಿ ಕಾದಾಡುತ್ತಾರೆ. ಒಂದೇ ಶಾಲೆಯ ಶಿರೊ ಮತ್ತು ರಿನ್ ಮೊದಲು ಎದುರಾಳಿಗಳು, ಆಮೇಲೆ ಜೊತೆಗಾರರು, ಒಂದು ಕಥಾಮಾರ್ಗದಲ್ಲಿ ಪ್ರೇಮಿಗಳು. ಎಲಿಝಬೆತ್ ಲಿಮ್ ಅವರ ‘ಸ್ಪಿನ್ ದ ಡಾನ್’ (2019) ದರ್ಜಿಗಳ ಪೈಪೋಟಿ. ತೈವಾನಿನಲ್ಲಿ ಹುಟ್ಟಿ ಕೆನಡಾದಲ್ಲಿರುವ ಜೂಡಿ ಐ. ಲಿನ್ ಅವರ ‘ಎ ಮ್ಯಾಜಿಕ್ ಸ್ಟೀಪ್ಡ್ ಇನ್ ಪಾಯ್ಸನ್’ (2022) ಚಹಾ ಕುದಿಸುವ ಮಾಂತ್ರಿಕರ ಪೈಪೋಟಿ. ಎರಡರಲ್ಲೂ ನಾಯಕಿ ಒಲಿಯುವುದು ಸಹಸ್ಪರ್ಧಿಗಲ್ಲವಾದ್ದರಿಂದ ಇವು ಕವಲಿನ ಅಂಚಿನಲ್ಲಿ ನಿಲ್ಲುತ್ತವೆ. ಆದರೆ ಕತ್ತಿಯ ಜಾಗದಲ್ಲಿ ಸೂಜಿಯನ್ನೂ ಚಹಾದ ಬಟ್ಟಲನ್ನೂ ಇಟ್ಟದ್ದು ಸಣ್ಣ ಸಂಗತಿಯಲ್ಲ.

ಕನ್ನಡದಲ್ಲಿ ಈ ಬಗೆಗೆ ನೇರ ಜೋಡಿ ಬೇಕೆಂದರೆ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಪ್ರಮೀಳೆಯ ಹತ್ತಿರ ಹೋಗಬೇಕು. ಯುಧಿಷ್ಠಿರನ ಅಶ್ವಮೇಧದ ಕುದುರೆ ಹೆಣ್ಣುಗಳೇ ಆಳುವ ರಾಜ್ಯಕ್ಕೆ ನುಗ್ಗುತ್ತದೆ, ರಾಣಿ ಅದನ್ನು ಕಟ್ಟಿಹಾಕುತ್ತಾಳೆ, ಅರ್ಜುನ ಎದುರಾಗುತ್ತಾನೆ. ಕಾಳಗ ಮದುವೆಯ ಮಾತಿನಲ್ಲಿ ಮುಗಿಯುತ್ತದೆ. ಯಕ್ಷಗಾನ ರಂಗದಲ್ಲಿ ಈ ಪ್ರಸಂಗಕ್ಕಿರುವ ಬೇಡಿಕೆಗೆ ಕಾರಣ ಯುದ್ಧಕ್ಕಿಂತ ಅದಕ್ಕೆ ಮುಂಚಿನ ವಾಗ್ವಾದ. ಸ್ತ್ರೀವೇಷಧಾರಿಯ ಮಾತಿನ ಚಾಟಿಗೆ ಅರ್ಜುನ ಉತ್ತರ ತಡಕಾಡುವುದನ್ನು ನೋಡಲು ಜನ ನಿದ್ದೆಗೆಡುತ್ತಾರೆ. ಸಿದ್ಧಿಗಳ ಸ್ಪರ್ಧೆಯೂ ನಮಗೆ ಹೊಸದಲ್ಲ. ‘ಶೂನ್ಯಸಂಪಾದನೆ’ಯಲ್ಲಿ ಗೋರಕ್ಷನ ವಜ್ರಕಾಯಕ್ಕೆ ಕತ್ತಿ ತಗುಲಿದರೆ ಖಣಿಲೆನ್ನುತ್ತದೆ, ಅಲ್ಲಮನ ದೇಹದಲ್ಲಿ ಅದು ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಅಲ್ಲಿ ಸೋಲು ತಿರುಗುವುದು ಪ್ರಣಯಕ್ಕಲ್ಲ, ಶಿಷ್ಯತ್ವಕ್ಕೆ. ಗೆದ್ದವನಲ್ಲಿ ತನಗಿಂತ ದೊಡ್ಡದನ್ನು ಕಂಡು ಮಣಿಯುವ ಗಳಿಗೆ ಮಾತ್ರ ಎರಡೂ ಕಡೆ ಒಂದೇ ತೆರನದು.

ಪ್ರಕಾರದ ದೊಡ್ಡ ತೊಡಕು ಮುಕ್ತಾಯ. ಒಬ್ಬರೇ ಉಳಿಯಬೇಕೆಂದು ಮೊದಲ ಅಧ್ಯಾಯದಲ್ಲಿ ಬರೆದ ಲೇಖಕಿ ಕೊನೆಯಲ್ಲಿ ಇಬ್ಬರನ್ನೂ ಉಳಿಸಬೇಕು, ಅದೂ ಮೋಸವೆನ್ನಿಸದಂತೆ. ‘ಹಂಗರ್ ಗೇಮ್ಸ್’ ವಿಷದ ಹಣ್ಣು ತೋರಿಸಿ ಆಟದ ಯಜಮಾನರನ್ನೇ ಬೆದರಿಸಿತು. ‘ನೈಟ್ ಸರ್ಕಸ್’ನ ಪ್ರೇಮಿಗಳು ಪೂರ್ತಿ ಸಾಯದೆ, ಪೂರ್ತಿ ಬದುಕದೆ ಸರ್ಕಸ್ಸಿನೊಳಗೇ ಲೀನರಾಗುತ್ತಾರೆ. ‘ಕ್ರೌನ್ಸ್ ಗೇಮ್’ ನಿಕೊಲಾಯ್‌ನನ್ನು ನೆರಳಾಗಿ ಉಳಿಸಿ, ಉತ್ತರವನ್ನು ‘ದ ಕ್ರೌನ್ಸ್ ಫೇಟ್’ (2017) ಎಂಬ ಎರಡನೆಯ ಪುಸ್ತಕಕ್ಕೆ ಮುಂದೂಡುತ್ತದೆ. ಈ ಮುಂದೂಡಿಕೆ ಈಗ ವಾಡಿಕೆಯೇ ಆಗಿದೆ. ‘ಆಲ್ ಆಫ್ ಅಸ್ ವಿಲನ್ಸ್’, ‘ಸ್ಪಿನ್ ದ ಡಾನ್’, ಚಹಾದ ಕಥೆ ಎಲ್ಲವೂ ಎರಡೆರಡು ಸಂಪುಟಗಳ ಜೋಡಿಪುಸ್ತಕಗಳು. ಸ್ಪರ್ಧೆಗೆ ಒಂದು ಪುಸ್ತಕ ಸಾಕು, ಅದು ಮಾಡಿದ ಗಾಯ ಮಾಯಲು ಇನ್ನೊಂದು ಬೇಕು. ಪ್ರಕಾಶಕರಿಗೂ ಈ ಲೆಕ್ಕ ಒಪ್ಪಿಗೆಯೇ.

ಒಂದೇ ಸಂಪುಟದಲ್ಲಿ ಈ ತೊಡಕನ್ನು ಚೊಕ್ಕವಾಗಿ ಬಿಡಿಸಿದ ಕೃತಿ ಮ್ಯಾಗಿ ಸ್ಟೀಫ್‌ವಾಟರ್ ಅವರ ‘ದ ಸ್ಕಾರ್ಪಿಯೊ ರೇಸಸ್’ (2011). 2012ರಲ್ಲಿ ಹದಿಹರೆಯದವರ ಸಾಹಿತ್ಯಕ್ಕೆ ಸಲ್ಲುವ ಪ್ರಿಂಟ್ಝ್ ಗೌರವ ಪಡೆದ ಈ ಕಾದಂಬರಿಯ ಥಿಸ್ಬಿ ದ್ವೀಪದಲ್ಲಿ ಪ್ರತಿ ನವೆಂಬರಿನ ಮೊದಲ ದಿನ ಸಮುದ್ರದಿಂದೆದ್ದು ಬಂದ ಮಾಂಸಾಹಾರಿ ಕುದುರೆಗಳ ಜೂಜು ನಡೆಯುತ್ತದೆ. ಪ್ರತಿ ವರ್ಷ ಸವಾರರು ಸಾಯುತ್ತಾರೆ. ಪಕ್ ಎಂದು ಕರೆಸಿಕೊಳ್ಳುವ ಕೇಟ್ ಕಾನೊಲಿಗೆ ಮನೆ ಉಳಿಸಿಕೊಳ್ಳಲು ಬಹುಮಾನದ ಹಣ ಬೇಕು, ಅವಳು ತನ್ನ ಮಾಮೂಲಿ ಕುದುರೆಯ ಮೇಲೆ ಕಣಕ್ಕಿಳಿಯುತ್ತಾಳೆ. ಶಾನ್ ಕೆಂಡ್ರಿಕ್‌ಗೆ ಕಡಲಿನಿಂದ ಬಂದ ಕಾರ್ ಎಂಬ ಕೆಂಪು ಕುದುರೆಯನ್ನು ಧಣಿಯಿಂದ ಕೊಂಡುಕೊಳ್ಳಬೇಕು. ಇಬ್ಬರ ಬೇಡಿಕೆಯೂ ನ್ಯಾಯದ್ದು, ಗೆಲುವು ಒಂದೇ. ಮಾತು ಕಡಿಮೆಯ ಈ ಇಬ್ಬರೂ ಬಂಡೆಗಳ ಮೇಲೆ ಕುಳಿತು ಕುದುರೆಗಳನ್ನು ನೋಡುತ್ತ ಹತ್ತಿರವಾಗುತ್ತಾರೆ. ಜೂಜಿನಲ್ಲಿ ಗೆಲ್ಲುವವಳು ಪಕ್. ಕಾರ್‌ನ ಕಾಲು ಮುರಿಯುತ್ತದೆ, ಓಡಲಾರದ ಕುದುರೆ ಧಣಿಗೆ ಬೇಡವಾಗುತ್ತದೆ, ಅದು ಶಾನ್‌ನ ಪಾಲಿಗೆ ಬರುತ್ತದೆ. ಅವನು ಅದನ್ನು ದಡಕ್ಕೆ ಕರೆದೊಯ್ದು ಕಟ್ಟು ಬಿಚ್ಚಿ ಕಡಲಿಗೆ ಬಿಡುತ್ತಾನೆ. ಕುದುರೆ ನೀರಿನ ಕಡೆ ನೋಡಿ, ತಿರುಗಿ ಅವನತ್ತ ಬರುತ್ತದೆ.